ಓದುಗರ ಪ್ರಶ್ನೆ, ನಮ್ಮ ಉತ್ತರ: ಗೋಳಗುಮ್ಮಟದ ಪಿಸುಮಾತಿನಿಂದ ಎಂ.ಆರ್.ಐ. ಯಂತ್ರದವರೆಗೆ

ಈ ಸಂಚಿಕೆಗೆ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ವೈದ್ಯಕೀಯ, ಭೌತವಿಜ್ಞಾನ ಮತ್ತು ಕಂಪ್ಯೂಟರ್ ಈ ಮೂರೂ ಕೂಡುವೆಡೆಯಲ್ಲಿ ನಡೆಯುತ್ತಿರುವ ಸಂಶೋಧನೆಗಳನ್ನು ಕುರಿತಾಗಿದ್ದವು. ಉತ್ತರಗಳನ್ನು ಬರೆಯುತ್ತ ಹೋದಂತೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಯಿತು. ಈ ಮೂರು ಕ್ಷೇತ್ರಗಳು ಒಂದರಿಂದ ಇನ್ನೊಂದು ಸಮೀಕರಣಗಳನ್ನು ಧಾರಾಳವಾಗಿ ಎರವಲು ಪಡೆಯುತ್ತವೆ. ಆದರೆ ಒಂದು ಫಲಿತಾಂಶವನ್ನು ನಿಜವೆಂದು ಒಪ್ಪಿಕೊಳ್ಳಲು ಅವು ಇಟ್ಟುಕೊಂಡಿರುವ ಪರೀಕ್ಷೆ ಮಾತ್ರ ಒಂದೊಂದರದು ಒಂದೊಂದು ಬಗೆ.

ಪ್ರಶ್ನೆ: 2024ರ ಭೌತವಿಜ್ಞಾನದ ನೊಬೆಲ್ ಕೃತಕ ಬುದ್ಧಿಮತ್ತೆಯವರಿಗೆ ಹೋಯಿತು, ರಸಾಯನವಿಜ್ಞಾನದ ನೊಬೆಲ್ಲಿನಲ್ಲೂ ಅವರದೇ ಪಾಲು. ಹಾಗಾದರೆ ಇನ್ನು ಭೌತವಿಜ್ಞಾನ ಓದಿ ಏನು ಪ್ರಯೋಜನ ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಏನೆಂದು ಉತ್ತರಿಸಲಿ? (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಜಮಖಂಡಿ)

ಉತ್ತರ: ಪ್ರಶಸ್ತಿಯನ್ನು ಹಂಚಿಕೊಂಡ ಇಬ್ಬರಲ್ಲಿ ಜಾನ್ ಹಾಪ್‌ಫೀಲ್ಡ್ ಅಪ್ಪಟ ಭೌತವಿಜ್ಞಾನಿ ಎಂಬುದನ್ನು ಮೊದಲು ಮಕ್ಕಳಿಗೆ ಹೇಳಿರಿ. ಅವರು 1982ರಲ್ಲಿ ಪ್ರಕಟಿಸಿದ ಪ್ರಬಂಧದ ಬೇರುಗಳು ಕಂಪ್ಯೂಟರ್ ಕೋಣೆಯಲ್ಲಿಲ್ಲ, ವಿಚಿತ್ರ ಸ್ವಭಾವದ ಕೆಲವು ಮಿಶ್ರಲೋಹಗಳಲ್ಲಿವೆ. ತಾಮ್ರದಂಥ ಲೋಹದಲ್ಲಿ ಅಲ್ಲಲ್ಲಿ ಕಬ್ಬಿಣದ ಪರಮಾಣುಗಳನ್ನು ಬೆರೆಸಿದರೆ ಪ್ರತಿಯೊಂದು ಕಬ್ಬಿಣದ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವಾಗಿ ವರ್ತಿಸುತ್ತದೆ. ಒಂದು ನೆರೆಯ ಪರಮಾಣು ಅದನ್ನು ಮೇಲ್ಮುಖವಾಗಿ ತಿರುಗಿಸಲು ಎಳೆದರೆ ಇನ್ನೊಂದು ನೆರೆ ಕೆಳಮುಖವಾಗಿ ಎಳೆಯುತ್ತದೆ, ಹೀಗಾಗಿ ಎಲ್ಲರ ಒತ್ತಾಯವನ್ನೂ ಒಟ್ಟಿಗೆ ಪೂರೈಸುವ ಸ್ಥಿತಿಯೇ ಇರುವುದಿಲ್ಲ. ಇಂಥ ವಸ್ತುವಿಗೆ ಸ್ಪಿನ್ ಗ್ಲಾಸ್ ಎನ್ನುತ್ತಾರೆ. ಇದರ ಗಣಿತದ ಕಗ್ಗಂಟನ್ನು 1979ರಲ್ಲಿ ಬಿಡಿಸಿದ ಇಟಲಿಯ ಜಾರ್ಜಿಯೊ ಪಾರಿಸಿ ಅವರಿಗೆ 2021ರ ಭೌತವಿಜ್ಞಾನ ನೊಬೆಲ್ಲಿನಲ್ಲಿ ಅರ್ಧ ಪಾಲು ಸಂದಿತು.

ಹಾಪ್‌ಫೀಲ್ಡ್ ಮಾಡಿದ್ದು ಪರಮಾಣುವಿನ ಜಾಗದಲ್ಲಿ ನರಕೋಶವನ್ನು ಹೋಲುವ ಒಂದು ಬಿಂದುವನ್ನು ಇಟ್ಟು, ಬಿಂದು ಬಿಂದುಗಳ ನಡುವಿನ ಸೆಳೆತಗಳನ್ನು ನಾವೇ ಹೊಂದಿಸುವ ಕೆಲಸ. ನೆನಪಿಡಬೇಕಾದ ಚಿತ್ರವು ಅತಿ ಕಡಿಮೆ ಶಕ್ತಿಯ ಸ್ಥಿತಿಯಾಗುವಂತೆ ಆ ಸೆಳೆತಗಳನ್ನು ಹೊಂದಿಸಿಬಿಟ್ಟರೆ, ಮುಂದೆ ಅರೆಬರೆಯಾದ ಅಥವಾ ಕೆಟ್ಟುಹೋದ ಚಿತ್ರವನ್ನು ಕೊಟ್ಟಾಗ ಈ ಬಿಂದುಗಳ ಜಾಲವು ತಾನಾಗಿ ಹತ್ತಿರದ ಪೂರ್ಣ ಚಿತ್ರಕ್ಕೆ ಇಳಿದು ನಿಲ್ಲುತ್ತದೆ. ಬಾದಾಮಿಯ ಬಂಡೆಗಳ ಮೇಲೆ ಎಲ್ಲಿ ಮಳೆ ಬಿದ್ದರೂ ನೀರು ಇಳಿಜಾರು ಹಿಡಿದು ಅಗಸ್ತ್ಯ ತೀರ್ಥವನ್ನು ಸೇರುವುದನ್ನು ತಮ್ಮ ಮಕ್ಕಳು ನೋಡಿರಬಹುದು. ಜಾಲದ ನೆನಪು ಸಹ ಅಂಥ ತಗ್ಗು. ಹಾಪ್‌ಫೀಲ್ಡ್ ಅವರ ಲೆಕ್ಕದಲ್ಲಿದ್ದದ್ದು ಕೇವಲ 30 ಬಿಂದುಗಳು, ಅವುಗಳ ನಡುವೆ 435 ಕೊಂಡಿಗಳು. ಇಂಥ ಜಾಲದಲ್ಲಿ ಎಷ್ಟು ನೆನಪುಗಳನ್ನು ತುಂಬಬಹುದು ಎಂಬ ಪ್ರಶ್ನೆಗೆ 1985ರಲ್ಲಿ ಉತ್ತರ ಕೊಟ್ಟವರೂ ಭೌತವಿಜ್ಞಾನಿಗಳೇ. ಇಸ್ರೇಲಿನ ಆಮಿಟ್, ಗುಟ್‌ಫ್ರಾಯಿಂಡ್ ಮತ್ತು ಸೊಂಪೊಲಿನ್‌ಸ್ಕಿ ಸ್ಪಿನ್ ಗ್ಲಾಸಿನ ಗಣಿತವನ್ನೇ ಬಳಸಿ, ಸಾವಿರ ಬಿಂದುಗಳ ಜಾಲವು ಸುಮಾರು 138 ನೆನಪುಗಳನ್ನು ಮಾತ್ರ ತಾಳಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ತುಂಬಿದರೆ ಎಲ್ಲವೂ ಒಟ್ಟಿಗೆ ಕಲಸಿಹೋಗುತ್ತವೆ ಎಂದು ತೋರಿಸಿದರು. ಪ್ರಶಸ್ತಿಯ ಇನ್ನೊಬ್ಬ ಪಾಲುದಾರ ಜೆಫ್ರಿ ಹಿಂಟನ್, ಸಂಗಡಿಗರೊಂದಿಗೆ ಈ ಜಾಲಕ್ಕೆ ಉಷ್ಣತೆಯ ಕಲ್ಪನೆಯನ್ನು ಸೇರಿಸಿ ಕಟ್ಟಿದ್ದಕ್ಕೆ ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಅವರ ಹೆಸರನ್ನೇ ಇಟ್ಟರು. ಇಂದು ಮಾತಿನಲ್ಲಿ ಹೇಳಿದರೆ ಚಿತ್ರ ಬಿಡಿಸಿಕೊಡುವ ಕಂಪ್ಯೂಟರುಗಳ ಹಿಂದಿರುವ ಪ್ರಸರಣ ವಿಧಾನ (ಕಲಸಿಹೋದ ಚಿತ್ರವನ್ನು ಹಂತಹಂತವಾಗಿ ತಿಳಿಯಾಗಿಸಲು ಜಾಲಕ್ಕೆ ಕಲಿಸುವುದು) ಸಹ 2015ರಲ್ಲಿ ಉಷ್ಣಗತಿವಿಜ್ಞಾನದಿಂದಲೇ ಬಂದದ್ದು.

ರಸಾಯನವಿಜ್ಞಾನದ ಪ್ರಶಸ್ತಿಯ ಕಥೆ ನಮಗೆ ಇನ್ನೂ ಹತ್ತಿರದ್ದು. ಅದರಲ್ಲಿ ಅರ್ಧ ಭಾಗ ಹೊಸ ಪ್ರೋಟೀನುಗಳನ್ನು ವಿನ್ಯಾಸ ಮಾಡಿದ ಡೇವಿಡ್ ಬೇಕರ್ ಅವರಿಗೂ, ಉಳಿದರ್ಧ ಪ್ರೋಟೀನಿನ ಆಕಾರವನ್ನು ಮುಂಚಿತವಾಗಿ ಹೇಳುವ ಆಲ್ಫಾಫೋಲ್ಡ್ ಎಂಬ ತಂತ್ರಾಂಶಕ್ಕಾಗಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಸಂದಿತು. ಪ್ರೋಟೀನನ್ನು ರೂಪಿಸುವ ಅಮೈನೊ ಆಮ್ಲಗಳ ಸರಪಣಿ ಯಾವ ಕೋನಗಳಲ್ಲಿ ಬಾಗಬಹುದು, ಯಾವುದರಲ್ಲಿ ಬಾಗಲಾರದು ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ರಚಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು. ರಾಮಚಂದ್ರನ್ ಭೌತವಿಜ್ಞಾನವನ್ನು ಕಲಿತದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ಬಳಿ. ಕಂಪ್ಯೂಟರ್ ಕೊಟ್ಟ ಆಕಾರ ನಂಬಲರ್ಹವೇ ಎಂದು ಪರಿಶೀಲಿಸುವವರು ಇಂದಿಗೂ ರಾಮಚಂದ್ರನ್ ನಕ್ಷೆಯ ಮೇಲೆ ಅದನ್ನು ಇಟ್ಟು ನೋಡುತ್ತಾರೆ. ಆಲ್ಫಾಫೋಲ್ಡ್ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಆಕಾರವನ್ನು ಅಂದಾಜಿಸಿದೆ ನಿಜ. ಆದರೆ ಅದು ಪ್ರತಿಯೊಂದು ಭಾಗಕ್ಕೂ ನೂರಕ್ಕೆ ಇಷ್ಟು ಎಂಬ ಭರವಸೆಯ ಅಂಕವನ್ನೂ ಜೊತೆಗೇ ಕೊಡುತ್ತದೆ. ಪತ್ರಿಕೆಗಳು ಆಕಾರವನ್ನು ಅಚ್ಚು ಹಾಕಿ ಅಂಕವನ್ನು ಬಿಟ್ಟುಬಿಡುತ್ತವೆ ಎಂಬುದು ನನ್ನ ಹಳೆಯ ತಕರಾರು.

ಪ್ರಶ್ನೆ: ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಗೂ ಇಂದಿನ ವೈದ್ಯಕೀಯ ಸಂಶೋಧನೆಗೂ ಸಂಬಂಧವಿದೆ ಎಂದು ಪ್ರವಾಸಿಗರೊಬ್ಬರು ಹೇಳಿದರು. ಅದು ನಿಜವೇ, ಅಥವಾ ನಮ್ಮೂರಿನವರನ್ನು ಸಂತೋಷಪಡಿಸಲು ಆಡಿದ ಮಾತೇ? (ಬಿ.ಎಸ್ಸಿ. ವಿದ್ಯಾರ್ಥಿ, ವಿಜಯಪುರ)

ಉತ್ತರ: ನಿಜವೇ, ಮತ್ತು ಸಂಬಂಧ ತೋರಿಕೆಯದಲ್ಲ. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೊಗಸಾಲೆಯ ಒಂದು ಬದಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ, ನಡುವೆ ನಿಂತವರಿಗೆ ಕೇಳದು. ಧ್ವನಿ ಗುಮ್ಮಟದ ನೆತ್ತಿಗೆ ಬಡಿದು ಎದುರಿಗೆ ಬಂದು ಬೀಳುತ್ತದೆ ಎಂದು ಅನೇಕರು ಈಗಲೂ ತಿಳಿದಿದ್ದಾರೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಮೊಗಸಾಲೆಯ ಬಗ್ಗೆಯೂ ಒಂದು ಕಾಲಕ್ಕೆ ಹಾಗೆಯೇ ಹೇಳುತ್ತಿದ್ದರು. ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ ಅದನ್ನು ಒಪ್ಪದೆ, ಧ್ವನಿ ಬಾಗಿದ ಗೋಡೆಯನ್ನು ಅಂಟಿಕೊಂಡೇ ಹರಿಯುತ್ತದೆ ಎಂದು ವಾದಿಸಿದರು. ಅದನ್ನು ತೋರಿಸಲು ಅವರು ಸತುವಿನ ತಗಡನ್ನು ಅರ್ಧವೃತ್ತವಾಗಿ ಬಾಗಿಸಿ, ಒಂದು ತುದಿಯಲ್ಲಿ ಹಕ್ಕಿಯ ದನಿಯ ಸೀಟಿಯನ್ನೂ ಇನ್ನೊಂದು ತುದಿಯಲ್ಲಿ ಧ್ವನಿಗೆ ನಡುಗುವ ಜ್ವಾಲೆಯನ್ನೂ ಇಟ್ಟರು. ತಗಡಿನ ಒಳಮೈಗೆ ಒಂದು ಕಿರಿದಾದ ಪಟ್ಟಿಯನ್ನು ಅಡ್ಡಲಾಗಿ ಹಿಡಿದ ಕೂಡಲೇ ಜ್ವಾಲೆಯ ನಡುಕ ನಿಂತುಹೋಯಿತು. ಧ್ವನಿ ಗೋಡೆಯ ಪಕ್ಕದಲ್ಲೇ ಸಾಗುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಿ. ವಿ. ರಾಮನ್ 1921ರಲ್ಲಿ ಲಂಡನ್ನಿನ ಮೊಗಸಾಲೆಯನ್ನು ಪರೀಕ್ಷಿಸಿ, ಭಾರತಕ್ಕೆ ಮರಳಿದ ಮೇಲೆ ಗೋಳಗುಮ್ಮಟವೂ ಸೇರಿದಂತೆ ಇಲ್ಲಿನ ಕೆಲವು ಕಟ್ಟಡಗಳ ಬಗ್ಗೆ ಬರೆದರು. ಗೋಡೆಯಿಂದ ದೂರ ಸರಿದಂತೆ ಧ್ವನಿ ಒಂದೇ ಸಮನೆ ಕ್ಷೀಣಿಸುವುದಿಲ್ಲ, ಏರಿಳಿಯುತ್ತದೆ ಎಂಬುದು ಅವರು ಗಮನಿಸಿದ ಮುಖ್ಯ ಅಂಶ. ತಾವು ಗೆಳೆಯರೊಡನೆ ಮೇಲೆ ಹತ್ತಿದಾಗ ಒಂದು ಲೆಕ್ಕ ಹಾಕಿ ನೋಡಬಹುದು. ಒಳಸುತ್ತು ಸುಮಾರು 119 ಮೀಟರ್, ಧ್ವನಿಯ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಅಂದರೆ ಒಂದು ಪೂರ್ಣ ಸುತ್ತಿಗೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ.

ಇದೇ ನಡವಳಿಕೆ ಬೆಳಕಿಗೂ ಉಂಟು. ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಗಾಜಿನ ಗೋಲಿಯೊಳಗೆ ಲೇಸರ್ ಬೆಳಕನ್ನು ಹೊಗಿಸಿದರೆ ಅದು ಗೋಲಿಯ ಒಳಮೈಯನ್ನು ಅಂಟಿಕೊಂಡು ಸಾವಿರಾರು ಸುತ್ತು ಸುತ್ತುತ್ತದೆ. ಸುತ್ತಿ ಬಂದ ಅಲೆ ತನ್ನ ಬಾಲವನ್ನೇ ಸರಿಯಾಗಿ ಕೂಡಿಕೊಳ್ಳುವ ಬಣ್ಣಗಳು ಮಾತ್ರ ಒಳಗೆ ಉಳಿಯುತ್ತವೆ. ಗೋಲಿಯ ಮೈಗೆ ಒಂದು ಪ್ರೋಟೀನಿನ ಪದರ ಅಂಟಿಕೊಂಡರೂ ಸುತ್ತಿನ ದಾರಿ ಎಳ್ಳಷ್ಟು ಉದ್ದವಾಗಿ ಆ ಬಣ್ಣ ಸರಿಯುತ್ತದೆ. ಒಂದೇ ಸುತ್ತಿನಲ್ಲಿ ಕಾಣದ ಈ ವ್ಯತ್ಯಾಸ ಸಾವಿರಾರು ಸುತ್ತುಗಳಲ್ಲಿ ಕೂಡಿಕೊಂಡು ಅಳೆಯುವಷ್ಟಾಗುತ್ತದೆ. 2002ರಲ್ಲಿ ಫ್ರಾಂಕ್ ವೋಲ್ಮರ್, ಸ್ಟೀಫನ್ ಅರ್ನಾಲ್ಡ್ ಮತ್ತು ಸಂಗಡಿಗರು ಹೀಗೆ ಪ್ರೋಟೀನನ್ನು ಗುರುತಿಸಿದರು. 2008ರಲ್ಲಿ ಇನ್‌ಫ್ಲುಯೆಂಜಾದ ಒಂದೊಂದೇ ವೈರಾಣು ಗೋಲಿಗೆ ಅಂಟಿದ ಕ್ಷಣವನ್ನು ಹಿಡಿದರು. ಕಂಪ್ಯೂಟರ್ ಚಿಪ್ಪಿನಂಥ ಬಿಲ್ಲೆಯ ಮೇಲೆ ಕೆತ್ತಿದ ಇಂಥದೇ ಉಂಗುರಗಳು ಒಂದು ಬಣ್ಣದ ಲೇಸರನ್ನು ಸಮಾನ ಅಂತರದ ಹಲವು ಬಣ್ಣಗಳಾಗಿ ಒಡೆಯುವುದರಿಂದ, ಕಂಪ್ಯೂಟರುಗಳ ನಡುವೆ ಮಾಹಿತಿ ಸಾಗಿಸುವ ಸಂಶೋಧಕರಿಗೂ ಅವು ಬೇಕಾಗಿವೆ.

ಹಾಗೆಂದು ಇದು ರಕ್ತಪರೀಕ್ಷೆಯ ಲ್ಯಾಬುಗಳ ಜಾಗಕ್ಕೆ ಬಂದುಬಿಟ್ಟಿದೆ ಎಂದುಕೊಳ್ಳಬಾರದು. ರಕ್ತದಲ್ಲಿರುವ ಬೇಡದ ಪ್ರೋಟೀನುಗಳೂ ಗೋಲಿಗೆ ಅಂಟುತ್ತವೆ, ಉಷ್ಣತೆ ಸ್ವಲ್ಪ ಬದಲಾದರೂ ಬಣ್ಣ ಸರಿಯುತ್ತದೆ. ಶುದ್ಧ ದ್ರಾವಣದಲ್ಲಿ ಒಂದು ವೈರಾಣುವನ್ನು ಹಿಡಿಯುವುದು ಭೌತವಿಜ್ಞಾನದ ಗೆಲುವು. ರೋಗಿಯ ರಕ್ತದಲ್ಲಿ ಅದನ್ನು ತಪ್ಪಿಲ್ಲದೆ ಹಿಡಿಯುವುದು ಬೇರೆಯೇ ಪರೀಕ್ಷೆ.

ಪ್ರಶ್ನೆ: ನಮ್ಮ ಅವ್ವನಿಗೆ ಬೆನ್ನುಹುರಿಯ ಎಂ.ಆರ್.ಐ. ಮಾಡಿಸಬೇಕಾಯಿತು. ಹೊಸ ಯಂತ್ರದಲ್ಲಿ ಕೃತಕ ಬುದ್ಧಿಮತ್ತೆ ಇರುವುದರಿಂದ ಮೊದಲಿನ ಅರ್ಧ ಸಮಯದಲ್ಲೇ ಮುಗಿಯುತ್ತದೆ ಎಂದು ಸ್ಕ್ಯಾನಿಂಗ್ ಸೆಂಟರಿನವರು ಹೇಳಿದರು. ಸಮಯ ಕಡಿಮೆ ಮಾಡಿದರೆ ಯಂತ್ರ ನೋಡದೇ ಇದ್ದದ್ದನ್ನು ತಾನೇ ಊಹಿಸಿ ಬರೆಯುವುದಿಲ್ಲವೇ? (ಕೃಷಿಕರು, ಗೋಕಾಕ)

ಉತ್ತರ: ಪ್ರಶ್ನೆ ಅತ್ಯಂತ ಸರಿಯಾದ ಜಾಗಕ್ಕೆ ಕೈ ಇಟ್ಟಿದೆ. ಊಹೆ ಇರುವುದು ನಿಜ, ಆದರೆ ಅದು ಕೃತಕ ಬುದ್ಧಿಮತ್ತೆಯ ಜೊತೆ ಬಂದದ್ದಲ್ಲ. ಸ್ಕ್ಯಾನಿಂಗ್ ಯಂತ್ರಗಳು ಹುಟ್ಟಿದಂದಿನಿಂದಲೂ ಚಿತ್ರವನ್ನು ಅಳೆದಿಲ್ಲ, ಲೆಕ್ಕ ಹಾಕಿವೆ.

ಸಿ.ಟಿ. ಸ್ಕ್ಯಾನನ್ನೇ ಮೊದಲು ನೋಡೋಣ. ಕ್ಷಕಿರಣವು ದೇಹದ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುವಾಗ, ದಾರಿಯುದ್ದಕ್ಕೂ ಒಟ್ಟು ಎಷ್ಟು ಹೀರಲ್ಪಟ್ಟಿತು ಎಂಬುದಷ್ಟೇ ಯಂತ್ರಕ್ಕೆ ತಿಳಿಯುತ್ತದೆ. ಗೆಡ್ಡೆ ದಾರಿಯ ಯಾವ ಬಿಂದುವಿನಲ್ಲಿದೆ ಎಂಬುದು ತಿಳಿಯದು. ಸುತ್ತಲೂ ನೂರಾರು ಕೋನಗಳಿಂದ ಇಂಥ ಮೊತ್ತಗಳನ್ನು ತೆಗೆದುಕೊಂಡರೆ ಒಳಗಿನ ಚಿತ್ರವನ್ನು ಮರಳಿ ಕಟ್ಟಬಹುದು ಎಂಬುದನ್ನು ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡಾನ್ 1917ರಲ್ಲೇ, ವೈದ್ಯಕೀಯದ ಯೋಚನೆಯಿಲ್ಲದೆ, ಸಾಧಿಸಿದ್ದರು. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳನ್ನು ಚಿತ್ರಿಸಿದ್ದು 1971ರ ಅಕ್ಟೋಬರ್ 1ರಂದು. ಅದೇ 1971ರಲ್ಲಿ, ಮೇಲಿನ ಉತ್ತರದಲ್ಲಿ ಬಂದ ಅದೇ ರಾಮಚಂದ್ರನ್, ಎ. ವಿ. ಲಕ್ಷ್ಮೀನಾರಾಯಣನ್ ಅವರೊಂದಿಗೆ, ಈ ಮೊತ್ತಗಳಿಂದ ಚಿತ್ರವನ್ನು ವೇಗವಾಗಿಯೂ ಸುಲಭವಾಗಿಯೂ ಕಟ್ಟುವ ಲೆಕ್ಕವನ್ನು ಪ್ರಕಟಿಸಿದರು. ಅದರ ಹೃದಯಭಾಗದಲ್ಲಿರುವ ಸೋಸುವ ಸೂತ್ರಕ್ಕೆ ಇಂದಿಗೂ ಜಗತ್ತಿನಾದ್ಯಂತ ಎಂಜಿನಿಯರುಗಳು ರಾಮ್‌–ಲಾಕ್ ಎನ್ನುತ್ತಾರೆ. ಹೌನ್ಸ್‌ಫೀಲ್ಡ್ ಮತ್ತು ಸಿ.ಟಿ.ಯ ಗಣಿತವನ್ನು ರೂಪಿಸಿದ್ದ ಭೌತವಿಜ್ಞಾನಿ ಕಾರ್ಮ್ಯಾಕ್ ಅವರಿಗೆ 1979ರ ವೈದ್ಯಕೀಯ ನೊಬೆಲ್ ಬಂತು. ರಾಮಚಂದ್ರನ್ ಅವರಿಗೆ ನೊಬೆಲ್ ಬರಲೇ ಇಲ್ಲ.

ಎಂ.ಆರ್.ಐ.ನಲ್ಲಿ ಕ್ಷಕಿರಣವಿಲ್ಲ. 1.5 ಟೆಸ್ಲಾದ ಕಾಂತಕ್ಷೇತ್ರದಲ್ಲಿ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಜಲಜನಕದ ಬೀಜಗಳು ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ಅಲೆಗಳಿಗೆ ಸ್ಪಂದಿಸುತ್ತವೆ. ಯಂತ್ರ ದಾಖಲಿಸುವುದು ಆ ಅಲೆಗಳ ಸಾಲುಗಳನ್ನು, ಒಂದಾದ ಮೇಲೊಂದರಂತೆ. 256 ಸಾಲುಗಳ ಚಿತ್ರ ಬೇಕಾದರೆ ಸಾಮಾನ್ಯವಾಗಿ ಅಷ್ಟೇ ಸಾಲುಗಳ ಅಳತೆ ಬೇಕು. ಅವ್ವನವರು ಆ ಗಡಗಡ ಶಬ್ದದಲ್ಲಿ ಅಲುಗಾಡದೆ ಮಲಗಬೇಕಾದ ಸಮಯವೆಲ್ಲ ಹೋಗುವುದು ಈ ಸಾಲುಗಳಿಗೆ. ನಾಲ್ಕು ಸಾಲುಗಳಲ್ಲಿ ಒಂದನ್ನು ಮಾತ್ರ ಅಳೆದರೆ ಸಮಯ ಕಾಲುಭಾಗಕ್ಕೆ ಇಳಿಯುತ್ತದೆ, ಉಳಿದ ಮೂರನ್ನು ಲೆಕ್ಕದಿಂದ ತುಂಬಬೇಕಾಗುತ್ತದೆ.

ತುಂಬುವ ವಿಧಾನಗಳು ಎರಡು. ಮೊದಲನೆಯದು 2006ರಲ್ಲಿ ಕಾಂಡೆಸ್, ರಾಂಬರ್ಗ್, ತಾವ್ ಮತ್ತು ಪ್ರತ್ಯೇಕವಾಗಿ ಡೊನೊಹೊ ರೂಪಿಸಿದ ಗಣಿತ. ದೇಹದ ಚಿತ್ರದಲ್ಲಿ ಹೆಚ್ಚಿನ ಭಾಗ ನಯವಾಗಿದ್ದು, ಅಂಚುಗಳು ಕೆಲವೇ ಇರುವುದರಿಂದ, ಅಳೆದ ಸಾಲುಗಳಿಗೆ ಹೊಂದುವ ಚಿತ್ರಗಳಲ್ಲಿ ಅತ್ಯಂತ ಸರಳವಾದದ್ದನ್ನು ಆರಿಸಿದರೆ ಸಾಕು ಎಂಬುದು ಅದರ ತಿರುಳು. ಯಾವ ಷರತ್ತುಗಳಲ್ಲಿ ಈ ಆಯ್ಕೆ ಸರಿಯಾಗುತ್ತದೆ ಎಂಬುದಕ್ಕೆ ಗಣಿತದ ರುಜುವಾತೂ ಉಂಟು. 2007ರಲ್ಲಿ ಲುಸ್ಟಿಗ್ ಮತ್ತಿತರರು ಇದನ್ನು ಎಂ.ಆರ್.ಐ.ಗೆ ಅಳವಡಿಸಿದರು, 2017ರಲ್ಲಿ ಅಮೆರಿಕದ ಔಷಧ ಆಡಳಿತ ಇಂಥ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿತು. ಎರಡನೆಯದು ಈಗಿನ ಕೃತಕ ಬುದ್ಧಿಮತ್ತೆಯದು. ಇಲ್ಲಿ ಬಿಟ್ಟುಹೋದದ್ದನ್ನು ತುಂಬುವುದು ಷರತ್ತು ತಿಳಿದ ಸೂತ್ರವಲ್ಲ, ಸಾವಿರಾರು ಹಳೆಯ ಸ್ಕ್ಯಾನುಗಳಿಂದ ಕಲಿತ ಜಾಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಮೊಣಕಾಲಿನ ಸ್ಕ್ಯಾನುಗಳ ಮೇಲೆ 2020ರಲ್ಲಿ ನಡೆಸಿದ ಅಧ್ಯಯನದಲ್ಲಿ, ಪೂರ್ಣ ಅಳತೆಗಿಂತ ಸುಮಾರು ಮೂರೂವರೆ ಪಟ್ಟು ಕಡಿಮೆ ಅಳತೆಯಿಂದ ಕಟ್ಟಿದ ಚಿತ್ರಗಳನ್ನೂ ವಾಡಿಕೆಯ ವಿಧಾನದ ಚಿತ್ರಗಳನ್ನೂ ನೋಡಿದ ವಿಕಿರಣ ತಜ್ಞರ ತೀರ್ಮಾನಗಳು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಬಹುದಾದಷ್ಟು ಹೊಂದಿಕೆಯಾದವು. ಅದೇ ವರ್ಷ ವೆಗಾರ್ಡ್ ಆಂಟುನ್, ಆಂಡರ್ಸ್ ಹ್ಯಾನ್ಸನ್ ಮತ್ತು ಜೊತೆಗಾರರು ಬೇರೆ ಬೇರೆ ಜಾಲಗಳನ್ನು ಪರೀಕ್ಷೆಗೆ ಒಡ್ಡಿ, ಅಳತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಮಾಡಿದರೆ ಕೆಲವು ಜಾಲಗಳು ಇಲ್ಲದ ಗೆರೆಗಳನ್ನು ಮೂಡಿಸುತ್ತವೆ, ಕೆಲವು ಇರುವ ಸಣ್ಣ ವಿವರವನ್ನು ಅಳಿಸಿಬಿಡುತ್ತವೆ ಎಂದು ತೋರಿಸಿದರು. ಎರಡೂ ಪ್ರಬಂಧಗಳು ಸರಿಯೇ. ಒಂದು ಸಾಮಾನ್ಯ ರೋಗಿಗಳಲ್ಲಿ ಏನಾಗುತ್ತದೆ ಎಂದು ಹೇಳುತ್ತದೆ, ಇನ್ನೊಂದು ಅತಿ ಕೆಟ್ಟ ಸಂದರ್ಭದಲ್ಲಿ ಏನಾಗಬಹುದು ಎಂದು.

ಆದ್ದರಿಂದ ಸಮಯ ಕಡಿಮೆಯಾದದ್ದೇ ಚಿತ್ರದ ಗುಣಮಟ್ಟಕ್ಕೆ ಕುಂದಲ್ಲ. ವಯಸ್ಸಾದವರು ಅಲುಗಾಡಿ ಚಿತ್ರ ಮಸುಕಾಗುವ ಅಪಾಯವೂ ಅದರಿಂದ ತಗ್ಗುತ್ತದೆ. ಅವ್ವನವರ ಹಳೆಯ ಫಿಲ್ಮು ಮತ್ತು ಸಿ.ಡಿ.ಗಳನ್ನು ಎಸೆಯದೆ ಪ್ರತಿ ಸಲವೂ ಒಯ್ಯಿರಿ, ವರದಿಯಲ್ಲಿ ಬರೆದದ್ದು ಅವರ ನೋವಿನ ಜಾಗಕ್ಕೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿರಿ. ಹೊಂದದೆ ಹೋದರೆ ಆ ಒಂದು ಭಾಗವನ್ನು ಪೂರ್ಣ ಅಳತೆಯಲ್ಲಿ ಮತ್ತೆ ತೆಗೆಸಲು ಬರುತ್ತದೆ.

ಪ್ರಶ್ನೆ: ಕ್ವಾಂಟಂ ಕಂಪ್ಯೂಟರ್ ಬಂದರೆ ಕ್ಯಾನ್ಸರಿಗೆ ಐದು ನಿಮಿಷದಲ್ಲಿ ಔಷಧ ಸಿಗುತ್ತದೆಯೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬಾಗಲಕೋಟೆ)

ಉತ್ತರ: ಇಲ್ಲ. ಆ ಐದು ನಿಮಿಷದ ಮಾತು ಬಹುಶಃ 2024ರ ಡಿಸೆಂಬರಿನಲ್ಲಿ ಗೂಗಲ್ ಪ್ರಕಟಿಸಿದ 105 ಕ್ಯೂಬಿಟ್ಟುಗಳ (ಕ್ವಾಂಟಂ ಕಂಪ್ಯೂಟರ್ ಲೆಕ್ಕ ಮಾಡುವ ಮೂಲ ಘಟಕಗಳ) ವಿಲೋ ಚಿಪ್ಪಿನ ಸುದ್ದಿಯಿಂದ ಬಂದದ್ದು. ಅದು ಐದು ನಿಮಿಷದೊಳಗೆ ಮುಗಿಸಿದ್ದು ಚಿಪ್ಪಿನ ಸಾಮರ್ಥ್ಯ ಅಳೆಯಲೆಂದೇ ರಚಿಸಿದ ಲೆಕ್ಕವನ್ನು, ಅದರಿಂದ ಬೇರೆ ಉಪಯೋಗವಿಲ್ಲ. ಕ್ಯೂಬಿಟ್ಟುಗಳ ಸಂಖ್ಯೆ ಹೆಚ್ಚಿಸಿದಂತೆ ದೋಷ ಕಡಿಮೆಯಾಗುತ್ತ ಹೋಯಿತು ಎಂಬುದು ಆ ಪ್ರಬಂಧದ ನಿಜವಾದ ಸಾಧನೆ. ಸುದ್ದಿಯಲ್ಲಿ ಅದಕ್ಕೆ ಕೊನೆಯ ಸಾಲು ಸಿಕ್ಕಿತು. ಅಣುಗಳ ವರ್ತನೆಯನ್ನು ಲೆಕ್ಕ ಹಾಕುವುದರಲ್ಲಿ ಮುಂದೊಂದು ದಿನ ಇಂಥ ಯಂತ್ರಗಳು ನೆರವಾಗಬಹುದು. ಆದರೆ ಔಷಧ ತಡವಾಗುವುದು ಲೆಕ್ಕ ನಿಧಾನವೆಂದಲ್ಲ, ರೋಗಿಗಳಲ್ಲಿ ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು ವರ್ಷಗಳು ಬೇಕು ಎಂದು.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ. ಶಿಬಿರವೊಂದರಲ್ಲಿ ಕಣ್ಣಿನ ಫೋಟೊ ತೆಗೆದು, ಕಂಪ್ಯೂಟರಿಗೆ ಏನೂ ಕಾಣಲಿಲ್ಲ ಎಂದು ಕಳಿಸಿದರು. ನಂಬಬಹುದೇ? (ನೇಕಾರರು, ಇಳಕಲ್)

ಉತ್ತರ: ಕಣ್ಣಿನ ಅಕ್ಷಿಪಟದ ಫೋಟೊ ನೋಡಿ ಸಕ್ಕರೆ ಕಾಯಿಲೆಯ ಹಾನಿಯನ್ನು ಗುರುತಿಸುವ ವಿಷಯದಲ್ಲಿ ಕಂಪ್ಯೂಟರಿನ ಹೆಸರು ಒಳ್ಳೆಯದೇ ಇದೆ. 2016ರಲ್ಲಿ ಗೂಗಲ್ ಸಂಶೋಧಕರು 1,28,175 ಫೋಟೊಗಳಿಂದ ಒಂದು ಜಾಲಕ್ಕೆ ತರಬೇತಿ ಕೊಟ್ಟಾಗ ಅವುಗಳಲ್ಲಿ ಕೆಲವು ಭಾರತದ ಕಣ್ಣಾಸ್ಪತ್ರೆಗಳಿಂದಲೇ ಹೋಗಿದ್ದವು, ಬೆಂಗಳೂರಿನ ನಾರಾಯಣ ನೇತ್ರಾಲಯವೂ ಅವುಗಳಲ್ಲಿ ಒಂದು. ಫಲಿತಾಂಶ ನೇತ್ರತಜ್ಞರಿಗೆ ಸರಿಸಮವಾಗಿತ್ತು. ಆದರೆ ಅದೇ ತಂತ್ರವನ್ನು ಥಾಯ್ಲೆಂಡಿನ ಚಿಕಿತ್ಸಾಲಯಗಳಲ್ಲಿ ಬಳಸಿದಾಗ ಐದರಲ್ಲೊಂದಕ್ಕಿಂತ ತುಸು ಹೆಚ್ಚು ಫೋಟೊಗಳನ್ನು ಕಂಪ್ಯೂಟರ್ ಓದಲಾಗದೆ ತಿರಸ್ಕರಿಸಿತು. ಕೋಣೆಯನ್ನು ಕತ್ತಲು ಮಾಡಲು ಎಷ್ಟೋ ಕಡೆ ಅನುಕೂಲವಿರಲಿಲ್ಲ, ಪಾಪೆ ಹಿಗ್ಗಿರಲಿಲ್ಲ, ಫೋಟೊ ಮಸುಕಾಗಿತ್ತು.

ಆದ್ದರಿಂದ ತಮಗೆ ಕೊಟ್ಟ ಚೀಟಿಯನ್ನು ಒಮ್ಮೆ ಸರಿಯಾಗಿ ಓದಿಸಿಕೊಳ್ಳಿರಿ. ಹಾನಿ ಇಲ್ಲ ಎಂದಿದೆಯೇ, ಅಥವಾ ಫೋಟೊ ಓದಲು ಬರಲಿಲ್ಲ ಎಂದಿದೆಯೇ? ಏನೂ ಕಾಣಲಿಲ್ಲ ಎಂಬ ಬಾಯಿಮಾತು ಎರಡಕ್ಕೂ ಹೊಂದುತ್ತದೆ. ಎರಡನೆಯದಾಗಿದ್ದರೆ ಪರೀಕ್ಷೆ ಆಗಿಲ್ಲವೆಂದೇ ಲೆಕ್ಕ, ಕಣ್ಣಿಗೆ ಹನಿ ಹಾಕಿ ನೋಡುವ ವೈದ್ಯರ ಬಳಿ ಹೋಗಬೇಕು. ಮೊದಲನೆಯದಾದರೂ ವರ್ಷಕ್ಕೊಮ್ಮೆ ತೋರಿಸುವುದನ್ನು ತಪ್ಪಿಸಬೇಡಿರಿ. ಮಗ್ಗದ ಮುಂದೆ ಕೂರುವವರಿಗೆ ಕಣ್ಣೇ ಬಂಡವಾಳ.

ಪ್ರಶ್ನೆ: ದೊಡ್ಡ ಸಂಶೋಧನೆಗಳೆಲ್ಲ ಹೊರದೇಶದಲ್ಲೇ ನಡೆಯುತ್ತವೆ. ನಮ್ಮ ಜಿಲ್ಲೆಯ ಆರೋಗ್ಯ ಕೇಂದ್ರಗಳಿಂದ ಜಗತ್ತಿಗೆ ಏನಾದರೂ ತಿಳಿದುಬಂದದ್ದು ಉಂಟೇ? (ಶುಶ್ರೂಷಕಿ, ಬೈಲಹೊಂಗಲ)

ಉತ್ತರ: ಉಂಟು, ಮತ್ತು ತಮ್ಮ ವೃತ್ತಿಯವರೇ ಅದನ್ನು ಮಾಡಿದವರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯಾದ 1,620 ತಾಯಂದಿರಲ್ಲಿ ಅರ್ಧದಷ್ಟು ಜನರಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆಯನ್ನೂ ಉಳಿದವರಿಗೆ ನೋಡಲು ಅದರಂತೆಯೇ ಇರುವ ಔಷಧವಿಲ್ಲದ ಮಾತ್ರೆಯನ್ನೂ ಕೊಡಲಾಯಿತು, ಯಾರಿಗೆ ಯಾವುದು ಎಂಬುದು ಕೊಟ್ಟ ದಾದಿಯರಿಗೂ ತಿಳಿದಿರಲಿಲ್ಲ. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ತಣ್ಣಗಿನ ಪೆಟ್ಟಿಗೆ, ಸಿರಿಂಜು ಯಾವುದೂ ಬೇಡದ ಮಾತ್ರೆ ಇದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ರಕ್ತಸ್ರಾವ ತಡೆಯುವುದಕ್ಕೆಂದು ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನ್ನನ್ನು ಕೇಳಿದರೆ ಆ ಅಧ್ಯಯನದಲ್ಲಿ ಮಾತ್ರೆಗಿಂತ ಸ್ವಾರಸ್ಯಕರವಾದದ್ದು ರಕ್ತವನ್ನು ಅಳೆದ ಪ್ಲಾಸ್ಟಿಕ್ ಹಾಳೆ. ಬಟ್ಟೆಗೆ ಅಂಟಿದ ರಕ್ತವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವಾಗ ಎಲ್ಲರೂ ಕಡಿಮೆಯೇ ಹೇಳುತ್ತಾರೆ. ಅದಕ್ಕೆಂದು ತಾಯಿಯ ಕೆಳಗೆ ಹಾಸುವ, ತುದಿಯಲ್ಲಿ ಕೊಳವೆಯಾಕಾರದ ಚೀಲವಿದ್ದು ಅದರ ಮೇಲೆ ಮಿಲಿಲೀಟರಿನ ಗೆರೆಗಳಿರುವ ಹಾಳೆಯನ್ನು ಈ ತಂಡ ರೂಪಿಸಿತು. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಅಧ್ಯಯನದಲ್ಲಿ, ಇದೇ ಬಗೆಯ ಗೆರೆ ಹಾಕಿದ ಹಾಳೆಯಿಂದ ರಕ್ತಸ್ರಾವವನ್ನು ಬೇಗ ಗುರುತಿಸಿ, ಚಿಕಿತ್ಸೆಯ ಎಲ್ಲ ಕ್ರಮಗಳನ್ನೂ ಒಟ್ಟಿಗೇ ಆರಂಭಿಸಿದ್ದರಿಂದ, ತೀವ್ರ ರಕ್ತಸ್ರಾವ, ಅದಕ್ಕಾಗಿ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು ಇವುಗಳ ಒಟ್ಟು ಪ್ರಮಾಣ ನೂರಕ್ಕೆ 4.3ರಿಂದ 1.6ಕ್ಕೆ ಇಳಿಯಿತು. ಯಾವ ಕಂಪ್ಯೂಟರೂ ಇರಲಿಲ್ಲ. ಹೆರಿಗೆಯ ವೇಳೆ ಒಮ್ಮೆ ಕೊಡುವ ಎರಡು ಗ್ರಾಂ ಅಜಿತ್ರೊಮೈಸಿನ್ ತಾಯಿಯ ನಂಜನ್ನು ತಗ್ಗಿಸುತ್ತದೆ ಎಂದು 2023ರಲ್ಲೇ ಪ್ರಕಟವಾದ ಏಳು ದೇಶಗಳ ಅಧ್ಯಯನದಲ್ಲೂ ಬೆಳಗಾವಿ ಪಾಲ್ಗೊಂಡಿತ್ತು. ಆ ಅಧ್ಯಯನದಲ್ಲಿ ಶಿಶುಗಳಿಗೆ ಲಾಭ ಕಂಡುಬರಲಿಲ್ಲ, ಅದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿದ್ದಾರೆ.

ಪ್ರಶ್ನೆ: ಸಂಶೋಧನೆಯಿಂದ ಸಾಬೀತಾಗಿದೆ ಎಂಬ ಸಂದೇಶವನ್ನು ಫೋನಿನಲ್ಲಿ ತೋರಿಸಿ ಮಂದಿ ಔಷಧ ಕೇಳುತ್ತಾರೆ. ಕೆಳಗೆ ನೋಡಿದರೆ ಪ್ರೀಪ್ರಿಂಟ್ ಎಂದಿರುತ್ತದೆ. ಅದಕ್ಕೆ ಬೆಲೆ ಉಂಟೇ? (ಔಷಧ ಅಂಗಡಿಯವರು, ಅಥಣಿ)

ಉತ್ತರ: ಬೇರೆ ತಜ್ಞರು ಪರಿಶೀಲಿಸುವ ಮೊದಲೇ ಸಂಶೋಧಕರು ಸಾರ್ವಜನಿಕವಾಗಿ ಹಾಕುವ ಪ್ರಬಂಧಕ್ಕೆ ಪ್ರೀಪ್ರಿಂಟ್ ಎನ್ನುತ್ತಾರೆ. ಅದರ ಬೆಲೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಬದಲಾಗುತ್ತದೆ. ಭೌತವಿಜ್ಞಾನದಲ್ಲಿ ಪೌಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರ್ಕೈವ್ ಎಂಬ ಭಂಡಾರವನ್ನು ಆರಂಭಿಸಿದಂದಿನಿಂದ ಈ ಪದ್ಧತಿ ಬೇರೂರಿದೆ, ಏಕೆಂದರೆ ಸೈದ್ಧಾಂತಿಕ ಪ್ರಬಂಧವನ್ನು ಓದಿದವರು ಕಾಗದ ಪೆನ್ನು ಹಿಡಿದು ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಕಂಪ್ಯೂಟರಿನವರು ಪ್ರೋಗ್ರಾಮನ್ನು ಮತ್ತೊಮ್ಮೆ ಓಡಿಸಿ ನೋಡಬಹುದು. ವೈದ್ಯಕೀಯದಲ್ಲಿ ಓದುಗರ ಕೈಯಲ್ಲಿ ರೋಗಿಗಳಿರುವುದಿಲ್ಲ. ವೈದ್ಯಕೀಯ ಪ್ರೀಪ್ರಿಂಟುಗಳ ಮುಖ್ಯ ಭಂಡಾರ ಹುಟ್ಟಿದ್ದೇ 2019ರಲ್ಲಿ, ಕೊರೊನಾದ ಮುನ್ನಾವರ್ಷ.

ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಟ್ಟು ನೋಡಿರಿ. 2023ರ ಜುಲೈನಲ್ಲಿ ಕೊರಿಯಾದ ಕೆಲವರು ಸಾಮಾನ್ಯ ಉಷ್ಣತೆಯಲ್ಲೇ ವಿದ್ಯುತ್ತನ್ನು ತಡೆಯಿಲ್ಲದೆ ಹರಿಸುವ ಎಲ್‌ಕೆ–99 ಎಂಬ ವಸ್ತು ಸಿಕ್ಕಿದೆ ಎಂದು ಆರ್ಕೈವ್‌ನಲ್ಲಿ ಘೋಷಿಸಿದರು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿದಂತೆ ಹಲವೆಡೆ ಅದನ್ನು ತಯಾರಿಸಿ ನೋಡಿ, ಕೆಲವೇ ವಾರಗಳಲ್ಲಿ ಆ ಮಾತು ಬಿದ್ದುಹೋಯಿತು, ಯಾರ ಆರೋಗ್ಯಕ್ಕೂ ಹಾನಿಯಾಗಲಿಲ್ಲ. 2020ರ ಮಾರ್ಚಿನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಎಂಬ ಮಲೇರಿಯಾ ಔಷಧವು ಕೊರೊನಾ ರೋಗಿಗಳಲ್ಲಿ ವೈರಾಣುವನ್ನು ತಗ್ಗಿಸುತ್ತದೆ ಎಂದು ಫ್ರಾನ್ಸಿನಿಂದ ಬಂದ ಪ್ರಬಂಧದಲ್ಲಿ ಇದ್ದ ರೋಗಿಗಳು 36 ಮಂದಿ. ಅದೇ ವರ್ಷದ ಜೂನ್ ತಿಂಗಳಲ್ಲಿ ಬ್ರಿಟನ್ನಿನ ರಿಕವರಿ ಎಂಬ ಹೆಸರಿನ ಅಧ್ಯಯನವು ಆಸ್ಪತ್ರೆ ಸೇರಿದವರಿಗೆ ಅದರಿಂದ ಲಾಭವಿಲ್ಲ ಎಂದು ಹೇಳಿತು, ಆದರೂ ಮೂಲ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2024ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಎಷ್ಟು ಜನ ಆ ಮಾತ್ರೆಗಾಗಿ ಅಂಗಡಿಗಳ ಮುಂದೆ ಸಾಲು ನಿಂತರು ಎಂಬುದು ತಮಗೇ ಚೆನ್ನಾಗಿ ಗೊತ್ತು.

ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರಿಶೀಲನೆ ಒಂದಿದೆ. ಭಾರತದಲ್ಲಿ ರೋಗಿಗಳ ಮೇಲೆ ನಡೆಯುವ ಔಷಧ ಪ್ರಯೋಗಗಳನ್ನು, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ, ಸಿ.ಟಿ.ಆರ್.ಐ. ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಿಸುವುದು 2009ರ ಜೂನ್‌ನಿಂದ ಕಡ್ಡಾಯವಾಗಿದೆ. ಇದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸುತ್ತದೆ, ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಎಷ್ಟು ರೋಗಿಗಳು, ಯಾವ ಆಸ್ಪತ್ರೆ, ಏನನ್ನು ಅಳೆಯುತ್ತೇವೆಂದು ಮೊದಲೇ ಹೇಳಿದ್ದರು ಎಂಬುದೆಲ್ಲ ಅಲ್ಲಿರುತ್ತದೆ. ಕಂಪನಿಯ ಪ್ರತಿನಿಧಿ ನಮ್ಮ ದೇಶದಲ್ಲೇ ಪರೀಕ್ಷಿಸಿದ ಔಷಧವೆಂದು ಕರಪತ್ರ ಹಿಡಿದು ಬಂದರೆ, ಆ ನೋಂದಣಿ ಸಂಖ್ಯೆಯನ್ನು ಕೇಳಿ ಕರಪತ್ರದ ಮೇಲೆಯೇ ಅವರ ಕೈಯಿಂದ ಬರೆಸಿಕೊಳ್ಳಿರಿ.